ಅಪ್ಪನ ತುಟಿ ಓದಿದವಳು

ಈರಯ್ಯ ಮೇಷ್ಟ್ರ ಧ್ವನಿಯ ಬಗ್ಗೆ ಗೌತಮಿಗೆ ಗೊತ್ತಿದ್ದದ್ದೆಲ್ಲ ಬೇರೆಯವರು ಹೇಳಿದ್ದು. ಕಾಲೇಜಿನಲ್ಲಿ ಅವರು ಇತಿಹಾಸದ ಪಾಠ ಮಾಡುತ್ತಿದ್ದರೆ ಪಕ್ಕದ ಕೋಣೆಯ ಹುಡುಗರೂ ತಮ್ಮ ಪಾಠ ಬಿಟ್ಟು ಇದನ್ನೇ ಕೇಳುತ್ತಿದ್ದರಂತೆ. ಮೈಕು ಕೈಕೊಟ್ಟ ಸಭೆಗಳಲ್ಲಿ ಅವರನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ. ಗಂಡ ಓಣಿಯ ತುದಿಯಲ್ಲಿ ಯಾರನ್ನೋ ಮಾತಾಡಿಸಿದರೆ ಸಾಕು, ಒಳಗಿದ್ದ ತಾಯಿ ಕಮಲವ್ವನಿಗೆ ಗೊತ್ತಾಗುತ್ತಿತ್ತಂತೆ. ಹುಟ್ಟಿನಿಂದಲೇ ಕಿವಿ ಕೇಳದ ಗೌತಮಿಗೆ ಇಷ್ಟೆಲ್ಲ ಅಂತೆಗಳನ್ನು ಕೂಡಿಸಿದರೂ ಅಪ್ಪನ ಧ್ವನಿ ಎಂಥದೆಂದು ತಿಳಿಯಲಿಲ್ಲ. ಅವಳಿಗೆ ಗೊತ್ತಿದ್ದದ್ದು ಅಪ್ಪನ ತುಟಿ.

ಅವಳಿಗೆ ಎರಡು ವರ್ಷ ತುಂಬುವವರೆಗೆ ರಾಯಚೂರಿನ ಮನೆಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಒಂದು ದಿನ ಹಿತ್ತಾಳೆಯ ಕೊಡ ಉರುಳಿ ಬಿದ್ದು ಮನೆಮಂದಿಯೆಲ್ಲ ಹೌಹಾರಿದಾಗ, ಅದಕ್ಕೆ ಬೆನ್ನು ಮಾಡಿ ಕೂತಿದ್ದ ಕೂಸು ತನ್ನ ಪಾಡಿಗೆ ಮಂಡಕ್ಕಿ ಆರಿಸಿ ತಿನ್ನುತ್ತಿತ್ತು. ಮರುವಾರವೇ ಈರಯ್ಯ ಮಗಳನ್ನು ಎತ್ತಿಕೊಂಡು ಬೆಂಗಳೂರಿನ ರೈಲು ಹತ್ತಿದರು. ದಂಡು ಪ್ರದೇಶದ ಒಂದು ಶಾಲೆಯಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸುತ್ತಿದ್ದ ಟೀಚರಮ್ಮ ಮಗುವನ್ನು ನೋಡಿದರು, ಆಮೇಲೆ ಅಪ್ಪನನ್ನು ನೋಡಿದರು.

"ಇವಳು ನಿಮ್ಮ ತುಟಿ ನೋಡ್ಕೊಂಡೇ ಮಾತು ಕಲೀಬೇಕು ಸಾರ್. ಈ ಮೀಸೆ ಅಡ್ಡ ಬರುತ್ತಲ್ಲ?"

ಈರಯ್ಯನವರದು ಕಡ್ಡಿ ಸಿಕ್ಕಿಸಿದರೆ ನಿಲ್ಲುವಂಥ ಮೀಸೆ. ಅಂದು ಸಂಜೆಯೇ ಹಲಸೂರಿನ ಒಂದು ಕ್ಷೌರದಂಗಡಿಯಲ್ಲಿ ಅದನ್ನು ತೆಗೆಸಿದರು. ಮಾನ್ವಿಯ ಹತ್ತಿರದ ತಮ್ಮ ಹಳ್ಳಿಗೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಅವರ ತಂದೆ ಮಗನ ಬೋಳು ತುಟಿ ನೋಡಿ ಕೋಲು ಎತ್ತಿದರು. "ಯಾಕಲೇ, ನಾ ಸತ್ತೀನೇನು?"

"ನಿನ್ನ ಸಲುವಾಗಿ ಅಲ್ಲ ಯಪ್ಪಾ, ಕೂಸಿನ ಸಲುವಾಗಿ."

ಆ ಮೀಸೆ ಮತ್ತೆ ಬೆಳೆಯಲಿಲ್ಲ. ಈರಯ್ಯ ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ಹಲಸೂರಿನ ಕೆರೆಯ ಹಿಂಭಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಕಾಲೇಜು ಮುಗಿಸಿ ಬಂದವರು ಕಾಲು ತೊಳೆದು ಕನ್ನಡಿಯ ಮುಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಊಟದ ಹೊತ್ತಿನವರೆಗೂ ಪಾಠ. ತುಟಿಯ ಮೇಲೆ ಬಳೆಯೂ ಒಂದೇ, ಮಳೆಯೂ ಒಂದೇ. ಅಪ್ಪ "ಮಳೆ" ಎಂದರೆ ಹುಡುಗಿ ತನ್ನ ಕೈ ಮುಂದೆ ಚಾಚಿ ಬಳೆ ತೋರಿಸುತ್ತಿದ್ದಳು. ಆಗ ಅವರು ಅವಳ ಬೆರಳನ್ನು ತಮ್ಮ ಮೂಗಿನ ಮೇಲೆ ಇಟ್ಟುಕೊಂಡು ಮತ್ತೆ ಹೇಳುತ್ತಿದ್ದರು. ಮೂಗು ಝುಮ್ಮೆಂದರೆ ಮಳೆ, ಇಲ್ಲದಿದ್ದರೆ ಬಳೆ. ಹೀಗೆ ಒಂದೊಂದು ಮಾತನ್ನೂ ನೂರಾರು ಸಲ. ಕೈಸನ್ನೆ ಮಾತ್ರ ಕೂಡದು. ಕೈ ಆಡಿದರೆ ಬಾಯಿ ಮಲಗಿಬಿಡುತ್ತದೆಂದು ಆ ಕಾಲದ ಶಾಲೆಯಲ್ಲಿ ಹೇಳಿದ್ದರು. ಶಾಲೆಯಲ್ಲಿ ಮಕ್ಕಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕಿತ್ತು. ಈರಯ್ಯ ಮನೆಯಲ್ಲೂ ಅದನ್ನೇ ಪಾಲಿಸಿದರು. ಮಗಳು ನೀರು ಬೇಕೆಂದು ಹೆಬ್ಬೆರಳನ್ನು ಬಾಯಿಗೆ ತೋರಿಸಿದರೆ, "ನೀರು" ಎಂದು ಬಾಯಿಬಿಟ್ಟು ಹೇಳುವವರೆಗೆ ಕಮಲವ್ವ ಲೋಟ ಕೊಡುವಂತಿರಲಿಲ್ಲ. ಕಮಲವ್ವ ಒಮ್ಮೊಮ್ಮೆ ಗಂಡನ ಕಣ್ಣು ತಪ್ಪಿಸಿ ಕೊಟ್ಟುಬಿಡುತ್ತಿದ್ದಳು.

ಗೌತಮಿ ಮಾತು ಕಲಿತಳು. ಒಡೆದ ಕೊಳಲಿನಂಥ ಆ ಮಾತು ಹೊರಗಿನವರಿಗೆ ಅರ್ಧ ಅರ್ಥವಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದಳು, ಕನ್ನಡ ಟೈಪಿಂಗ್ ಕಲಿತಳು. ಶಿವಾಜಿನಗರದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಅಜ್ಮತ್ ಸಾಹೇಬರ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ಈರಯ್ಯ ರಾಮಮೂರ್ತಿ ನಗರದಲ್ಲಿ ಸಣ್ಣ ಮನೆ ಕಟ್ಟಿಸಿದರು, ತೊಂಬತ್ತಮೂರರಲ್ಲಿ ನಿವೃತ್ತರಾದರು. ಆಮೇಲೆ ಅವರ ದಿನಚರಿ ಎಂದರೆ ಬೆಳಗ್ಗೆ ಮಗಳನ್ನು ಬಸ್ಸು ಹತ್ತಿಸುವುದು, ಬರುವಾಗ ಹೆಂಡತಿಗೆ ಸೊಪ್ಪು ತರುವುದು, ಕೂತು ಅದನ್ನು ಬಿಡಿಸಿಕೊಡುವುದು, ಸಂಜೆ ಮತ್ತೆ ಬಸ್ ಸ್ಟಾಪು. ಮಗಳಿಗೆ ಇಪ್ಪತ್ತೈದು ದಾಟಿದರೂ ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಇಳಿಯೋವಾಗ ಹಿಂದ ನೋಡು, ಸ್ಕೂಟರ್ ಬರ್ತಾವ" ಎಂದು ತುಟಿಯಲ್ಲೇ ಹೇಳುವುದು ತಪ್ಪಲಿಲ್ಲ.

ತನ್ನಂಥವರು ಊರಿನಲ್ಲಿ ಇಷ್ಟು ಮಂದಿ ಇದ್ದಾರೆಂದು ಗೌತಮಿಗೆ ತಿಳಿದದ್ದು ಪ್ರೆಸ್ಸಿಗೆ ಕಾರ್ಡು ಅಚ್ಚು ಹಾಕಿಸಲು ಬಂದ ಒಬ್ಬ ಹುಡುಗಿಯಿಂದ. ಭಾನುವಾರ ಮಧ್ಯಾಹ್ನ ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಚಹಾದ ಹೋಟೆಲಿನಲ್ಲಿ ಕಿವಿ ಕೇಳದವರೆಲ್ಲ ಸೇರುತ್ತಿದ್ದರು. ಅಲ್ಲಿ ಯಾರೂ ತುಟಿ ನೋಡುತ್ತಿರಲಿಲ್ಲ. ಎಲ್ಲರೂ ಕೈಯಲ್ಲಿ ಮಾತಾಡುತ್ತಿದ್ದರು, ಕೈಯಲ್ಲಿ ಜಗಳವಾಡುತ್ತಿದ್ದರು, ಕೈಯಲ್ಲಿ ಚಾಡಿ ಹೇಳುತ್ತಿದ್ದರು. ಗೌತಮಿ ಮೂರು ತಿಂಗಳಲ್ಲಿ ಆ ಭಾಷೆ ಕಲಿತಳು. ಮನೆಯಲ್ಲಿ ಹೇಳಲಿಲ್ಲ. ಅಲ್ಲೇ ಅವಳಿಗೆ ದತ್ತು ಸಿಕ್ಕಿದ. ಕೆ.ಆರ್. ಪುರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಅವನು ಕಲಬುರಗಿ ಕಡೆಯವನು, ತಾಯಿಯ ಜೊತೆ ಒಂದು ಕೋಣೆಯಲ್ಲಿದ್ದ. ಅವನಿಗೆ ಬಾಯಿಮಾತು ಒಂದಕ್ಷರವೂ ಬರುತ್ತಿರಲಿಲ್ಲ.

ತೊಂಬತ್ತೈದರ ಯುಗಾದಿ ಕಳೆದ ಮೇಲೆ ಒಂದು ದಿನ ಅವಳು ಹೋಟೆಲಿನ ಸಂಗತಿ, ದತ್ತುವನ್ನು ಮದುವೆಯಾಗುವ ಸಂಗತಿ ಎರಡನ್ನೂ ಅಪ್ಪನಿಗೆ ಹೇಳಿದಳು. ಜಾತಿಯ ಮಾತನ್ನು ನೆಂಟರು ಆಮೇಲೆ ಎತ್ತಿದರು. ಈರಯ್ಯನವರಿಗೆ ನೋವಾದದ್ದು ಬೇರೆಯದಕ್ಕೆ.

"ಇಪ್ಪತ್ತೈದು ವರ್ಷ ನಿನಗ ಮಾತು ಕಲಿಸೀನವ್ವ" ಎಂದರು. "ಅವಗ ಮಾತಿಲ್ಲ. ನಾಳೆ ನೀನೂ ಬಿಟ್ಟುಬಿಡ್ತಿ. ಮನ್ಯಾಗ ಮಾತಂಬೋದೇ ಇಲ್ಲದಂಗ ಆಗ್ತದ."

"ಮಾತು ಇರ್ತದಪ್ಪಾ. ಕೈಯಾಗ ಇರ್ತದ."

ಈರಯ್ಯ ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಕಿವಿ ಕೇಳುವ ಮಕ್ಕಳಿಗೆ ಇದು ಅಪ್ಪನ ಸಿಟ್ಟು, ಅಷ್ಟೇ. ಗೌತಮಿಯ ಪಾಲಿಗೆ ಅದು ಬಾಗಿಲು ಹಾಕಿ ಒಳಗಿನಿಂದ ಚಿಲಕ ಜಡಿದ ಹಾಗೆ. ಹನ್ನೊಂದು ದಿನ ಅವರು ಅವಳಿಗೆ ತುಟಿ ತೋರಿಸಲಿಲ್ಲ. ಬಸ್ ಸ್ಟಾಪಿಗೆ ಬರುತ್ತಿದ್ದರು, ಆದರೆ ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ಕಮಲವ್ವ ಇಬ್ಬರಿಗೂ ಬಡಿಸಿ ಕೊನೆಗೆ ತಾನೊಬ್ಬಳೇ ಉಣ್ಣುತ್ತಿದ್ದಳು.

ಹನ್ನೆರಡನೆಯ ದಿನ ಭಾನುವಾರ. ಹೋಟೆಲಿನಲ್ಲಿ ಯಾರದೋ ತಮಾಷೆಗೆ ಗೌತಮಿ ಬಿದ್ದು ಬಿದ್ದು ನಗುತ್ತಿದ್ದವಳು ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ, ಮೂಲೆಯ ಮೇಜಿನಲ್ಲಿ ಅಪ್ಪ ಕೂತಿದ್ದರು. ಮುಂದಿನ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು. ಬಂದು ಎಷ್ಟು ಹೊತ್ತಾಗಿತ್ತೋ. ಅವಳ ಕೈಗಳು ತಾವಾಗಿಯೇ ಮೇಜಿನ ಕೆಳಗೆ ಹೋದವು. ಈರಯ್ಯ ಎದ್ದು ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು. ದತ್ತು ಎದ್ದು ನಿಂತು ಕೈಮುಗಿದ.

ವಾಪಸು ಬಸ್ಸಿನಲ್ಲಿ ಅವರು ಮಗಳ ಕಡೆ ಪೂರ್ತಿ ತಿರುಗಿ ಕೂತರು. "ಹದಿನೈದು ಮಂದಿ ಇದ್ರಿ. ಅರ್ಧ ತಾಸು ನೋಡಿದೆ, ಒಂದು ಮಾತೂ ತಿಳೀಲಿಲ್ಲ. ಅಲ್ಲಿ ಕಿವುಡ ಅಂದ್ರ ನಾ ಒಬ್ಬನೇ." ಟಿಕೆಟ್ಟು ಮಡಿಚಿ ಜೇಬಿಗಿಟ್ಟು, "ನೀ ಹಿಂಗ ನಗೋದು ನಾ ನಮ್ಮ ಮನ್ಯಾಗ ನೋಡಿಲ್ಲ" ಎಂದರು. ಇಳಿಯುವ ಸ್ಟಾಪು ಬಂದಾಗ, "ಬರೋ ಐತಾರ ಅವನ್ನ ಊಟಕ್ಕ ಕರಿ."

ಮರುವರ್ಷ ಮದುವೆಯಾಯಿತು. ಅಜ್ಮತ್ ಸಾಹೇಬರು ಕಾರ್ಡನ್ನು ತಾವೇ ಮುಯ್ಯಿಯೆಂದು ಅಚ್ಚು ಹಾಕಿಸಿಕೊಟ್ಟರು. ಗೌತಮಿ, ದತ್ತು ಅದೇ ಮನೆಯ ಮಹಡಿಯ ಕೋಣೆಯಲ್ಲಿ ಸಂಸಾರ ಹೂಡಿದರು. ಅರವತ್ತೊಂದನೆಯ ವಯಸ್ಸಿನಲ್ಲಿ ಈರಯ್ಯ ಇನ್ನೂರು ಪುಟದ ನೋಟ್‌ಬುಕ್ಕು ತಂದು ಅಳಿಯನ ಮುಂದೆ ಕೂತರು. ಒಂದು ಕಡೆ ಮಾತು, ಇನ್ನೊಂದು ಕಡೆ ಕೈಯ ಚಿತ್ರ. ಶಿಷ್ಯನಾಗಿ ಅವರು ದಡ್ಡರು. ಚಹಾ ಕೇಳಲು ಹೋಗಿ ಹೊಲಿಗೆ ಯಂತ್ರ ಕೇಳುತ್ತಿದ್ದರು. ದತ್ತು ನಗು ತಡೆದುಕೊಂಡು ಮಾವನ ಬೆರಳು ಹಿಡಿದು ತಿದ್ದುತ್ತಿದ್ದ. "ನೋಡು ಕಮಲಾ, ನನಗೂ ಒಬ್ಬ ಮಾಸ್ತರ ಸಿಕ್ಕಾನ" ಎಂದು ಈರಯ್ಯ ಹೆಂಡತಿಗೆ ಹೇಳುವುದನ್ನು ಗೌತಮಿ ನೋಡುತ್ತಿದ್ದಳು. ಮೇಷ್ಟ್ರ ಜೀವನದಲ್ಲಿ ಆ ಎರಡು ವರ್ಷ ತುಂಬಾ ಚೆನ್ನಾಗಿದ್ದವು.

ತೊಂಬತ್ತೆಂಟರ ಚಳಿಗಾಲದ ಒಂದು ಸಂಜೆ ಈರಯ್ಯ ಪೇಪರು ಓದುತ್ತ ಕೂತಿದ್ದರು. ದತ್ತು ಗೌತಮಿಯ ಭುಜ ತಟ್ಟಿ ಕೇಳಿದ. ಮಾವ ಏನೋ ಹೇಳುತ್ತಿದ್ದಾರೆ, ಅದು ಯಾವ ಮಾತು? ಅವಳು ನೋಡಿದಳು. ತೊಡೆಯ ಮೇಲಿದ್ದ ಅಪ್ಪನ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತ ಆಡುತ್ತಲೇ ಇತ್ತು, ವಿಭೂತಿ ಪುಡಿ ಮಾಡುವವರ ಹಾಗೆ. ಅದು ಯಾವ ಮಾತೂ ಆಗಿರಲಿಲ್ಲ. ಅವರಿಗೆ ತಮ್ಮ ಬೆರಳು ಆಡುತ್ತಿರುವುದೇ ಗೊತ್ತಿರಲಿಲ್ಲ.

ಪಾರ್ಕಿನ್ಸನ್ ಎಂದರು ಡಾಕ್ಟರು. ಗುಳಿಗೆ ಕೊಟ್ಟರು. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ, ಧ್ವನಿ ಇಳಿಯುತ್ತದೆ, ಮುಖದ ಸ್ನಾಯು ಬಿಗಿಯುತ್ತದೆ ಎಂದು ಒಂದೊಂದಾಗಿ ಹೇಳಿದರು. ಗೌತಮಿ ಡಾಕ್ಟರ ತುಟಿ ನೋಡುತ್ತಿದ್ದಳು. ಮುಖ ಎಂಬ ಮಾತು ಬಂದಾಗ ಅಪ್ಪನ ಕಡೆ ತಿರುಗಿದಳು. ಈರಯ್ಯ ಆಗಲೇ ಅವಳನ್ನು ನೋಡುತ್ತಿದ್ದರು.

ಮೊದಲು ಹೋದದ್ದು ಹೊಸದಾಗಿ ಕಲಿತ ಕೈಮಾತು. ಬೆರಳು ಹೇಳಿದ ಕಡೆ ನಿಲ್ಲುತ್ತಿರಲಿಲ್ಲ. ನೋಟ್‌ಬುಕ್ಕು ನೂರಾ ಹನ್ನೆರಡನೆಯ ಪುಟಕ್ಕೆ ನಿಂತಿತು.

ಎರಡು ಸಾವಿರದಲ್ಲಿ ಮೊಮ್ಮಗಳು ಹುಟ್ಟಿದಳು. ತಮ್ಮ ತಾಯಿಯ ಹೆಸರನ್ನೇ ಇಡಬೇಕೆಂದರು ಈರಯ್ಯ. ರಾಜೇಶ್ವರಿ ಎಂದು ಹೆಸರಿಟ್ಟು ರಾಜಿ ಎಂದು ಕರೆದರು. ಮಗು ಬಾಣಂತಿ ಕೋಣೆಯಲ್ಲಿದ್ದಾಗ ಒಂದು ಬೆಳಗ್ಗೆ ಅವರು ಸ್ಟೀಲಿನ ತಟ್ಟೆ ಹಿಡಿದು, ಹೆಜ್ಜೆ ಎಳೆಯುತ್ತ ತೊಟ್ಟಿಲ ಹಿಂದೆ ಹೋಗಿ ಅದನ್ನು ನೆಲಕ್ಕೆ ಕೆಡವಿದರು. ಕೂಸು ಬೆಚ್ಚಿಬಿದ್ದು ಕೈಕಾಲು ಬಡಿದು ಅತ್ತಿತು. ಗೌತಮಿ ಕಂಡದ್ದು ಮಗುವಿನ ತೆರೆದ ಬಾಯಿ, ತೊಟ್ಟಿಲ ಹಗ್ಗ ಹಿಡಿದು ಅಳುತ್ತಿದ್ದ ಅಪ್ಪ. ಅವಳು ಅಪ್ಪ ಅಳುವುದನ್ನು ಕಂಡದ್ದು ಅದೊಂದೇ ಸಲ.

ಹೆತ್ತವರಿಬ್ಬರಿಗೂ ಕಿವಿ ಕೇಳಿಸದು, ಕೂಸಿಗೆ ಮಾತು ಎಲ್ಲಿಂದ ಬರಬೇಕು? ಆ ಕೆಲಸವನ್ನು ಈರಯ್ಯ ವಹಿಸಿಕೊಂಡರು. ಧ್ವನಿ ಇಳಿಯುತ್ತ ಬಂದಿತ್ತು, ಇದ್ದಷ್ಟನ್ನೂ ಮೊಮ್ಮಗಳಿಗೇ ಖರ್ಚು ಮಾಡಿದರು. ಕಾಗೆ ತೋರಿಸಿ ಕಾಗೆ, ಸೊಪ್ಪಿನ ಗಾಡಿ ತೋರಿಸಿ ದಂಟು, ಮೆಂತ್ಯ. ಅಕ್ಕಪಕ್ಕದ ಬೆಂಗಳೂರು ಮಕ್ಕಳ ನಡುವೆ ರಾಜಿ ಮಾತ್ರ "ಬ್ಯಾಡ", "ಎದಕ್ಕ" ಎನ್ನುತ್ತಿದ್ದಳಂತೆ, ಅಚ್ಚ ರಾಯಚೂರಿನ ಮುದುಕಿಯ ಹಾಗೆ. ಕಮಲವ್ವ ಇದನ್ನು ಹೇಳಿ ನಗುತ್ತಿದ್ದಳು.

ರಾಜಿಗೆ ಮೂರು ತುಂಬುವ ಹೊತ್ತಿಗೆ ಆ ಧ್ವನಿ ಪಿಸುಮಾತಾಗಿತ್ತು. ಮುಖ ಬಿಗಿದಿತ್ತು. ತುಟಿಗಳು ಒಂದು ಎಳ್ಳಿನಷ್ಟು ಬಿರಿದು ಹಾಗೇ ನಡುಗುತ್ತಿದ್ದವು. ಗೌತಮಿ ಅವರ ಮುಂದೆ ಮಂಡಿಯೂರಿ ಕೂತು, ಬೆಳಕು ಸರಿಮಾಡಿಕೊಂಡು ನೋಡುತ್ತಿದ್ದಳು. ಲೋಕದಲ್ಲಿ ಅವಳಿಗೆ ಪೂರ್ತಿ ಓದಲು ಬರುತ್ತಿದ್ದ ಮುಖ ಅದೊಂದೇ. ಅದೂ ಈಗ ಖಾಲಿ ಹಾಳೆಯಾಗಿತ್ತು. ರಾಜಿ ತಾತನ ಬಾಯಿಗೆ ಕಿವಿ ಹಚ್ಚಿ ಕೇಳಿಕೊಂಡು ಬಂದು ಅಮ್ಮನಿಗೆ ಕೈಯಲ್ಲಿ ಹೇಳುತ್ತಿದ್ದಳು. ಮಗುವಿಗೆ ತಿಳಿದಷ್ಟು, ನೆನಪಿದ್ದಷ್ಟು.

ಆಮೇಲೆ ಚೀಟಿಗಳು ಶುರುವಾದವು. ಬರೆಯುವಾಗ ಕೈ ಅಷ್ಟಾಗಿ ನಡುಗುತ್ತಿರಲಿಲ್ಲ, ಆದರೆ ಅಕ್ಷರ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಕೊನೆಗೆ ಇರುವೆ ಸಾಲಾಗಿಬಿಡುತ್ತಿತ್ತು. ಗೌತಮಿ ಚೀಟಿಯನ್ನು ಪ್ರೆಸ್ಸಿಗೆ ಒಯ್ದು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿ ಓದುತ್ತಿದ್ದಳು. 'ನಿಮ್ಮವ್ವನ ಕಣ್ಣು ತೋರಿಸು, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.' 'ದತ್ತುವಿನ ತಾಯಿಗೆ ಔಷಧ ತಂದರೋ?' 'ಬಚ್ಚಲಿನ ಬಲ್ಬು.' ಮನೆಯಲ್ಲಿ ಕುರ್ಚಿ ಬಿಟ್ಟು ಏಳಲಾಗದ ಮನುಷ್ಯ ಎಲ್ಲರದನ್ನೂ ನೋಡುತ್ತಲೇ ಇದ್ದರು.

ಎರಡು ಸಾವಿರದ ಐದರ ದೀಪಾವಳಿಯ ಹಿಂದಿನ ವಾರ ಅವಳ ಕೈಗೆ ಬಂದ ಚೀಟಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೂ ಅಕ್ಷರ ಒಡೆದು ಚುಕ್ಕಿಯಾಗುತ್ತಿತ್ತು. ಊಟದ ಬಿಡುವಿನಲ್ಲಿ ಕೂತು ಒಂದೊಂದು ಚುಕ್ಕಿ ಕೂಡಿಸಿದಳು. 'ಸಣ್ಣಕ್ಕಿದ್ದಾಗ ನಿನ್ನ ಕೈ ಕಟ್ಟಿದೆ. ಅದು ನನ್ನ ತಪ್ಪು.'

ಅಜ್ಮತ್ ಸಾಹೇಬರು ಬಂದು, "ಏನಾಯ್ತಮ್ಮಾ, ಯಾಕೆ ಅಳ್ತಾ ಇದೀಯಾ?" ಎಂದು ಕೇಳಿದರು. ಅವಳು ರಜೆ ಕೇಳಿ ಮನೆಗೆ ಹೋದಳು. ಅಪ್ಪನ ಎರಡೂ ಕೈ ಹಿಡಿದು, ಬಾಯಿಬಿಟ್ಟು, ಅವರು ಕಲಿಸಿದ ಮಾತಿನಲ್ಲಿಯೇ ಹೇಳಿದಳು. "ಅಪ್ಪಾ, ನೀ ಕಲಿಸಿದ್ದಕ್ಕ ನಾ ಪ್ರೆಸ್ಸಿನಾಗ ಕೆಲಸ ಮಾಡ್ತೀನಿ. ಬಸ್ಸಿನಾಗ ಟಿಕೆಟ್ ಕೇಳ್ತೀನಿ. ತಪ್ಪಿಲ್ಲಪ್ಪಾ. ನಿಂದೇನೂ ತಪ್ಪಿಲ್ಲ." ಈರಯ್ಯನವರ ಮುಖ ಅಲುಗಲಿಲ್ಲ. ಆ ಕಾಯಿಲೆಯಲ್ಲಿ ಅದು ಅಲುಗುವುದೂ ಇಲ್ಲ. ಅವರು ಒಪ್ಪಿದರೋ, ಸಮಾಧಾನವಾಯಿತೋ, ಅವಳ ಮಾತು ಅವರಿಗೆ ತಿಳಿಯಿತೋ ಇಲ್ಲವೋ, ಅದು ಗೌತಮಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅದಾದ ಮೇಲೆ ಅವರು ಚೀಟಿ ಬರೆಯಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಕಮಲವ್ವನಿಗೆ ಜ್ವರ ಬಂತು. ವರ್ಷಗಟ್ಟಲೆ ಗಂಡನನ್ನು ಎತ್ತಿ ಕೂರಿಸಿ, ಉಣ್ಣಿಸಿ, ಒರೆಸಿ ಅವಳೂ ಸೋತಿದ್ದಳು. ಆ ಬೆಳಗ್ಗೆ ಗೌತಮಿ ಅವ್ವನಿಗೆ ಗುಳಿಗೆ ಕೊಟ್ಟು, ದತ್ತುವನ್ನು ಮನೆಯಲ್ಲಿ ಬಿಟ್ಟು ಪ್ರೆಸ್ಸಿಗೆ ಬಂದಿದ್ದಳು. ಹನ್ನೊಂದರ ಹೊತ್ತಿಗೆ ಅಜ್ಮತ್ ಸಾಹೇಬರು ಫೋನಿಟ್ಟು ಬಂದು ಅವಳ ಮುಂದೆ ನಿಂತರು. ಗಡ್ಡ ಮೀಸೆಯ ನಡುವೆ ಅವರ ತುಟಿ ಎರಡು ಸಲ ಕೂಡಿ ಬಿಟ್ಟಿತು. ಅಪ್ಪ ಎಂದರೂ ತುಟಿ ಹಾಗೇ ಕೂಡುತ್ತದೆ, ಅಮ್ಮ ಎಂದರೂ ಹಾಗೇ. ಹೋದರು ಎಂಬುದು ಮಾತ್ರ ಅವಳಿಗೆ ಕಂಡಿತು. ಯಾರು ಎಂದು ಬರೆಯಲು ಪೆನ್ನನ್ನು ಅವರ ಕೈಗೆ ತುರುಕಿದಳು. ಸಾಹೇಬರು ಯಾರದೋ ಮದುವೆಯ ಕಾರ್ಡಿನ ಹಿಂದೆ ಬರೆದರು. 'ಅಪ್ಪಾಜಿ.'

ಕುಡಿಸಿದ ಗಂಜಿ ನೆತ್ತಿಗೇರಿ ಉಸಿರು ಕಟ್ಟಿತ್ತು. ದತ್ತು ಬೆನ್ನು ತಟ್ಟಿದ್ದ, ಬೀದಿಗೆ ಓಡಿ ಜನರನ್ನು ಕರೆತಂದಿದ್ದ, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಅಂದು ಸಂಜೆ ರುದ್ರಭೂಮಿಯಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡಿದರು. ಶಿವಗಣಾರಾಧನೆಯ ಕಾರ್ಡನ್ನು ಬೇರೆಯವರ ಕೈಯಲ್ಲಿ ಮಾಡಿಸುತ್ತೇನೆಂದು ಸಾಹೇಬರು ಎಷ್ಟು ಹೇಳಿದರೂ ಗೌತಮಿ ಕೇಳಲಿಲ್ಲ. ತಾನೇ ಕೂತು ಅಕ್ಷರ ಜೋಡಿಸಿದಳು. 'ಲಿಂಗೈಕ್ಯ' ಎಂಬ ಮಾತಿನ ಮುಂದೆ ಅಪ್ಪನ ಹೆಸರು ಟೈಪು ಮಾಡಿ, ಬಹಳ ಹೊತ್ತು ಪರದೆ ನೋಡುತ್ತಿದ್ದು, ಆಮೇಲೆ ಅಕ್ಷರವನ್ನು ಒಂದಳತೆ ದೊಡ್ಡದು ಮಾಡಿದಳು.

ಆರಾಧನೆಯ ದಿನ ಊಟದ ಮೊದಲು ಹಳೆಯ ವಿದ್ಯಾರ್ಥಿಗಳು ನುಡಿನಮನ ಇಟ್ಟುಕೊಂಡಿದ್ದರು. ಒಬ್ಬರಾದ ಮೇಲೆ ಒಬ್ಬರು ಮೈಕಿನ ಹಿಂದೆ ಬಾಯಿ ಮರೆಯಾಗುವಂತೆ ನಿಂತು ಮಾತಾಡಿದರು. ಗೌತಮಿಗೆ ಏನೂ ಕಾಣಲಿಲ್ಲ. ಪಕ್ಕದಲ್ಲಿದ್ದ ರಾಜಿ ಎಲ್ಲರ ಮಾತನ್ನೂ ಒಂದೇ ಮಾತಿನಲ್ಲಿ ಮುಗಿಸಿದಳು. ತಾತನ ಧ್ವನಿ ಚೆನ್ನಾಗಿತ್ತಂತೆ.

ಎಲ್ಲರೂ ಹೋದ ಮೇಲೆ ಕೆ.ಆರ್. ಪುರದ ಮುನಿಆಂಜನಪ್ಪ ಎಂಬವರು ಹಿಂದೆ ಉಳಿದರು. ಅವರು ಕಾರ್ಖಾನೆಯಲ್ಲಿ ದುಡಿಯುತ್ತ ಓದಿದವರು.

"ಶಿಫ್ಟ್ ಇದ್ದಾಗ ಸಾರ್ ಕ್ಲಾಸ್ ತಪ್ಪೋಗ್ತಿತ್ತಮ್ಮ. ನನ್ ಫ್ರೆಂಡ್ ಕೈಲಿ ಟೇಪ್ ಮಾಡಿಸ್ಕೊಂಡಿದ್ದೆ. ಇದೊಂದು ಉಳ್ಕೊಂಡಿತ್ತು. ನಿಮ್ ಹತ್ರಾನೇ ಇರ್ಲಿ" ಎಂದು ಒಂದು ಕ್ಯಾಸೆಟ್ಟು ಕೊಟ್ಟರು. ಯಾರ ಕೈಗೆ ಕೊಡುತ್ತಿದ್ದೇನೆಂದು ಆಗ ಹೊಳೆದು, "ಅಯ್ಯೋ" ಎಂದು ತಲೆ ತಗ್ಗಿಸಿದರು. ಗೌತಮಿ ಕೈಮುಗಿದು ತೆಗೆದುಕೊಂಡಳು.

ಮರುದಿನ ಮಧ್ಯಾಹ್ನ ಅವಳು ಹಳೆಯ ಟೇಪ್ ರೆಕಾರ್ಡರು ಒರೆಸಿ ಕ್ಯಾಸೆಟ್ಟು ಹಾಕಿ ರಾಜಿಯನ್ನು ಎದುರಿಗೆ ಕೂರಿಸಿಕೊಂಡಳು. ಕೇಳಿ ಹೇಳು ಎಂದಳು. ರಾಜಿ ತಲೆ ವಾಲಿಸಿ ಕೇಳಿದಳು. ಕೆರೆ ಎನ್ನುತ್ತಿದ್ದಾರೆ, ರಾಜ ಎನ್ನುತ್ತಿದ್ದಾರೆ ಎಂದು ಕೈಯಲ್ಲಿ ಹೇಳಿದಳು. ಯಾರೋ ಕೆಮ್ಮಿದರು. ಎಲ್ಲರೂ ನಕ್ಕರು. ಮತ್ತೆ ಕೆರೆ. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು. ಇದು ನಮ್ಮ ತಾತ ಅಲ್ಲ ಎಂದಳು. ತಾತ ಇಷ್ಟು ಜೋರಾಗಿ ಮಾತಾಡುವುದಿಲ್ಲ. ಇದು ಬೇರೆ ಯಾರೋ.

ಗೌತಮಿ ಅವಳಿಗೆ ಏನೋ ಹೇಳಲು ಕೈ ಎತ್ತಿದವಳು ಮಗುವಿನ ತಲೆಯ ಮೇಲಿಂದ ಅಡುಗೆಮನೆಯ ಬಾಗಿಲು ನೋಡಿದಳು. ಕಮಲವ್ವ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಕುಸಿದು ಕೂತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ಭುಜಗಳು ಅಲ್ಲಾಡುತ್ತಿದ್ದವು. ಈ ಮೂರು ನಾಲ್ಕು ವರ್ಷ ಅವ್ವನೂ ಆ ಧ್ವನಿ ಇಲ್ಲದೆ ಬದುಕಿದ್ದಳೆಂಬುದು, ಕೇಳಿ ಬಲ್ಲವಳಾಗಿ ಬದುಕಿದ್ದಳೆಂಬುದು, ಗೌತಮಿಗೆ ಆವರೆಗೆ ಹೊಳೆದೇ ಇರಲಿಲ್ಲ. ಎಲ್ಲರೂ ಗೌತಮಿಯ ನಷ್ಟದ ಮಾತನ್ನೇ ಆಡಿದ್ದರು, ಅವಳೂ ಅದನ್ನೇ ನಂಬಿದ್ದಳು.

ಅವಳು ಬಾಗಿ ಟೇಪು ನಿಲ್ಲಿಸಲು ಹೋದಳು. ಕಮಲವ್ವ ಕೈ ಎತ್ತಿ ಬೇಡವೆಂದಳು. ಸ್ವಲ್ಪ ಹೊತ್ತಿಗೆ ಅದೇ ಕೈಯಿಂದ, ಸಾಕು, ನಿಲ್ಲಿಸು ಎಂದಳು.

ಗೌತಮಿ ನಿಲ್ಲಿಸಿ, ಎದ್ದು ಹೋಗಿ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ರಾಜಿ ಆಡಲು ಹೊರಗೆ ಓಡಿದಳು. ಆ ಕ್ಯಾಸೆಟ್ಟಿನ ಇನ್ನೊಂದು ಬದಿಯನ್ನು ಆ ಮನೆಯಲ್ಲಿ ಯಾರೂ ಹಾಕಲಿಲ್ಲ.